ಉಚಿತ ಇ-ಮೇಲ್: ಪತ್ರ ನಮ್ಮದು, ಕೀಲಿಕೈ ಯಾರದು?

‘ನಿಮ್ಮ ಇ-ಮೇಲ್‌ಗಳು ಎಲ್ಲಿವೆ?’ ಎಂದು ಯಾವುದೇ ಪದವಿ ತರಗತಿಯಲ್ಲಿ ಕೇಳಿ ನೋಡಿ. ‘ಜಿಮೇಲ್‌ನಲ್ಲಿ’, ‘ಮೊಬೈಲ್‌ನಲ್ಲಿ’ ಎಂಬ ಉತ್ತರಗಳು ಬರುತ್ತವೆ. ಎರಡೂ ಪೂರ್ತಿ ಸರಿಯಲ್ಲ. ಪತ್ರಗಳು ದೂರದ ಯಾವುದೋ ಸರ್ವರ್‌ನಲ್ಲಿವೆ. ನಾವು ಕಾಣುವುದು ಅವುಗಳ ನೋಟವನ್ನು ಮಾತ್ರ. ಈ ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಖಾತೆ ತೆರೆಯದೆ ಹೋದ ದಿನ ಅದೇ ದೊಡ್ಡದಾಗುತ್ತದೆ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗವನ್ನೇ ತೆಗೆದುಕೊಳ್ಳೋಣ. ಇಲ್ಲಿಯ ಶಾಲೆ-ಕಾಲೇಜುಗಳು ಉಚಿತ ಖಾತೆಗಳಲ್ಲಿ ಪತ್ರವ್ಯವಹಾರ ನಡೆಸುವುದು ಸಾಮಾನ್ಯ. ಪದವಿ ಕಾಲೇಜುಗಳಿಗೆ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ, 2010ರ ನಂತರ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದಿಂದ ಸುತ್ತೋಲೆಗಳು ಬರುತ್ತವೆ. ಅಂಕಪಟ್ಟಿಯ ತಿದ್ದುಪಡಿ, ವಿದ್ಯಾರ್ಥಿವೇತನದ ದಾಖಲೆ, ಗಡಿಯಾಚೆಯ ಕೊಲ್ಹಾಪುರ, ಮೀರಜ್‌ಗಳೊಡನೆ ವ್ಯವಹಾರ ಎಲ್ಲಕ್ಕೂ ಇ-ಮೇಲ್ ಸಾಕ್ಷಿ. ಆ ಸಾಕ್ಷಿಯ ಒಂದು ಪ್ರತಿ ನಮ್ಮ ಬಳಿ ಇರಬೇಡವೇ?

ಇದಕ್ಕೆ ಹಳೆಯ, ಸರಳವಾದ ಉಪಾಯವಿದೆ: ಉಚಿತ ಖಾತೆಯನ್ನು ಗಣಕದಲ್ಲಿಯೇ ಇರುವ ಅಂಚೆ ತಂತ್ರಾಂಶದ ಮೂಲಕ ತೆರೆಯುವುದು. ಉಚಿತ ಸೇವೆಗಳು ಈ ಬಾಗಿಲನ್ನು ಹೇಗೆ ನಡೆಸಿಕೊಂಡವು, ನಾವು ಅದನ್ನು ಎಷ್ಟು ಕಲಿಸಿದೆವು ಎಂಬುದನ್ನು ಪರಿಶೀಲಿಸೋಣ.

ಮೂರು ಪ್ರೋಟೊಕಾಲ್‌ಗಳು

ಪತ್ರವನ್ನು ಕಳಿಸುವ ನಿಯಮ ಎಸ್‌ಎಂಟಿಪಿ, ಇದು 1982ರದು. ಬಂದ ಪತ್ರವನ್ನು ಪಡೆಯಲು ಎರಡು ನಿಯಮಗಳಿವೆ. 1984ರಲ್ಲಿ ಹುಟ್ಟಿ 1988ರಲ್ಲಿ ಮೂರನೆಯ ರೂಪ ಪಡೆದ ಪಾಪ್, ಪತ್ರಗಳನ್ನು ಸರ್ವರ್‌ನಿಂದ ನಮ್ಮ ಗಣಕಕ್ಕೆ ಇಳಿಸುತ್ತದೆ. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್, ಪತ್ರಗಳನ್ನು ಸರ್ವರ್‌ನಲ್ಲೇ ಇರಿಸಿ ಎರಡೂ ಕಡೆ ಒಂದೇ ಸ್ಥಿತಿಯನ್ನು ಕಾಯುತ್ತದೆ. ಇವು ಯಾವ ಕಂಪನಿಯ ಸ್ವತ್ತೂ ಅಲ್ಲ. ಎಲ್ಲರೂ ಈ ನಿಯಮಗಳನ್ನು ಪಾಲಿಸಿದರೆ ಯಾರ ಖಾತೆಯನ್ನಾದರೂ ಯಾವ ತಂತ್ರಾಂಶದಲ್ಲಾದರೂ ಓದಬಹುದು.

ಡಯಲ್-ಅಪ್ ಕಾಲದಲ್ಲಿ ಇದರ ಲಾಭ ಎಷ್ಟಿತ್ತೆಂದು ಲೆಕ್ಕ ಹಾಕಬಹುದು. 56 ಕಿಲೋಬಿಟ್ ಮೋಡೆಮ್‌ನ ಗರಿಷ್ಠ ವೇಗ ಸೆಕೆಂಡಿಗೆ 7 ಕಿಲೋಬೈಟ್. ತಲಾ 5 ಕಿಲೋಬೈಟಿನ 20 ಪತ್ರಗಳು 100 ಕಿಲೋಬೈಟ್. ಅಂದರೆ ಸುಮಾರು 15 ಸೆಕೆಂಡುಗಳಲ್ಲಿ ಇಳಿದವು. ಅದೇ ಪತ್ರಗಳನ್ನು ಜಾಲತಾಣದಲ್ಲಿ ಓದಲು ಪಟ್ಟಿಯ ಪುಟ, ಪತ್ರದ ಪುಟ ಎಂದು 40 ಪುಟಗಳನ್ನು ತೆರೆಯಬೇಕು. ಜಾಹೀರಾತು ಸಹಿತ ಪ್ರತಿ ಪುಟ 70 ಕಿಲೋಬೈಟ್ ಎಂದುಕೊಂಡರೆ 400 ಸೆಕೆಂಡು, ಸುಮಾರು 7 ನಿಮಿಷ. ಓದುವ ವೇಳೆ ಬೇರೆ. ಅಷ್ಟೂ ಹೊತ್ತು ದೂರವಾಣಿಯ ಮೀಟರ್ ಓಡುತ್ತಿತ್ತು.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಹಾಗೂ ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಯಾವ ಗಣಕದಿಂದಲೂ ಪತ್ರ ಓದಬಹುದೆಂಬುದು ದೊಡ್ಡ ಸೌಕರ್ಯವೇ ಸರಿ. ಸ್ವಂತ ಗಣಕವಿಲ್ಲದ ವಿದ್ಯಾರ್ಥಿಗೆ ಸೈಬರ್ ಕೆಫೆಯಲ್ಲಿ ವಿಳಾಸವೊಂದು ದೊರೆತದ್ದು ಇದರಿಂದ. ಈ ಉಪಕಾರವನ್ನು ಮರೆಯಬಾರದು.

ಆದರೆ ಉಚಿತ ಸೇವೆಯ ಆದಾಯ ಜಾಹೀರಾತಿನದು. ಅಂಚೆ ತಂತ್ರಾಂಶದಲ್ಲಿ ಪತ್ರ ಓದುವವನಿಗೆ ಜಾಲತಾಣದ ಜಾಹೀರಾತು ಕಾಣದು. 2002ರ ಏಪ್ರಿಲ್‌ನಲ್ಲಿ ಯಾಹೂ ಉಚಿತ ಪಾಪ್ ಸೌಲಭ್ಯವನ್ನು ನಿಲ್ಲಿಸಿ, ಅದಕ್ಕೆ ವರ್ಷಕ್ಕೆ ಸುಮಾರು 30 ಡಾಲರ್ ಕೇಳಿತು. ಹಾಟ್‌ಮೇಲ್ ತನ್ನದೇ ವಿಧಾನದಿಂದ ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಪತ್ರ ಕೊಡುತ್ತಿತ್ತು. 2004ರಲ್ಲಿ ಹೊಸ ಉಚಿತ ಖಾತೆಗಳಿಗೆ ಅದನ್ನೂ ನಿಲ್ಲಿಸಿತು. ಅದೇ ವರ್ಷ ಬಂದ ಜಿಮೇಲ್ ನವೆಂಬರ್‌ನಲ್ಲಿ ಪಾಪ್ ಅನ್ನೂ 2007ರಲ್ಲಿ ಐಮ್ಯಾಪ್ ಅನ್ನೂ ಉಚಿತವಾಗಿ ನೀಡಿತು. 2009ರಲ್ಲಿ ಹಾಟ್‌ಮೇಲ್ ಕೂಡ ಪಾಪ್ ಕೊಟ್ಟಿತು. ಸ್ಪರ್ಧೆ ಬಂದಾಗ ತೆರೆದ ಬಾಗಿಲು ಇದು. ಬಳಕೆದಾರನ ಹಕ್ಕೆಂದು ಯಾರೂ ತೆರೆಯಲಿಲ್ಲ.

ನಡುವಿನ ವರ್ಷಗಳಲ್ಲಿ ವೈಪಾಪ್ಸ್‌ನಂಥ ಪುಟ್ಟ ತಂತ್ರಾಂಶಗಳು ಬಂದವು. ಅವು ಯಾಹೂ ಪುಟಗಳನ್ನು ತಾವೇ ತೆರೆದು, ಅದರೊಳಗಿನ ಪತ್ರವನ್ನು ಹೆಕ್ಕಿ, ಪಾಪ್ ಸರ್ವರಿನಂತೆ ನಟಿಸಿ ಅಂಚೆ ತಂತ್ರಾಂಶಕ್ಕೆ ಕೊಡುತ್ತಿದ್ದವು. ಜಾಣ ಉಪಾಯವೇನೋ ಹೌದು, ಭದ್ರವಾದುದಲ್ಲ. ಪುಟದ ರಚನೆ ಬದಲಾದರೆ ಕೆಲಸ ಕೆಡುತ್ತಿತ್ತು. ಪಾಸ್‌ವರ್ಡ್ ಕೂಡ ಮೂರನೆಯವರ ತಂತ್ರಾಂಶದ ಕೈಗೆ ಹೋಗುತ್ತಿತ್ತು.

ಲಿಪಿಯ ಪ್ರಶ್ನೆ

ಗಡಿ ಭಾಗಕ್ಕೆ ಇನ್ನೊಂದು ತೊಡಕಿತ್ತು. ಯೂನಿಕೋಡ್ ರೂಢಿಯಾಗುವ ಮುನ್ನ ಕನ್ನಡದ ಫಾಂಟ್‌ಗಳೂ ಮರಾಠಿಯ ಫಾಂಟ್‌ಗಳೂ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕುಳಿತಿದ್ದವು. ಹಾಗೆ ಬರೆದ ಪತ್ರ ಜಾಲತಾಣದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತಿತ್ತು. ಅಂಚೆ ತಂತ್ರಾಂಶದಲ್ಲಾದರೆ ತಕ್ಕ ಫಾಂಟನ್ನು ಆರಿಸಿ ಓದಬಹುದಿತ್ತು. ಈಗ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ‘ಚಿಕ್ಕೋಡಿ’ ಎಂಬ ಪದ 8 ಸಂಕೇತಗಳು, 24 ಬೈಟ್‌ಗಳು. ಅದೇ ಪತ್ರದಲ್ಲಿ ಮರಾಠಿಯೂ ನೆಮ್ಮದಿಯಾಗಿ ಇರಬಲ್ಲದು. ಆದರೆ ಹಳೆಯ ಪತ್ರಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕಾದರೆ ಮೊದಲು ಅವು ಕಡತಗಳಾಗಿ ನಮ್ಮ ಕೈಯಲ್ಲಿರಬೇಕು.

ಇಂದಿನ ಬೀಗ

2022ರ ಮೇ 30ರಿಂದ ಜಿಮೇಲ್, ಬರಿ ಪಾಸ್‌ವರ್ಡ್ ಬಳಸುವ ಹಳೆಯ ವಿಧಾನವನ್ನು ವೈಯಕ್ತಿಕ ಖಾತೆಗಳಲ್ಲಿ ನಿಲ್ಲಿಸತೊಡಗಿತು. 2024ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸಹ ಹಾಗೆಯೇ ಮಾಡಿತು. ಈಗ ಅಂಚೆ ತಂತ್ರಾಂಶವು ‘ಓಆಥ್’ ಎಂಬ ವಿಧಾನದಿಂದ ಅನುಮತಿಯ ಚೀಟಿ ಪಡೆಯಬೇಕು. ಪಾಸ್‌ವರ್ಡ್ ತಂತ್ರಾಂಶದ ಕೈಗೆ ಸಿಗುವುದಿಲ್ಲವಾದ್ದರಿಂದ ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ. ಹಳೆಯ ತಂತ್ರಾಂಶಗಳಿಗಾಗಿ ಜಿಮೇಲ್‌ನಲ್ಲಿ ‘ಆ್ಯಪ್ ಪಾಸ್‌ವರ್ಡ್’ ಪಡೆಯಬಹುದು. ಆದರೆ ಅದಕ್ಕೆ ಮೊದಲು ಎರಡು ಹಂತದ ದೃಢೀಕರಣ ಬೇಕು.

ಸಂಸ್ಥೆಗಳ ತೊಂದರೆ ಇಲ್ಲಿದೆ. ಎರಡನೆಯ ಹಂತದ ಸಂಕೇತ ಬರುವುದು ಬಹುತೇಕ ಯಾರದೋ ಒಬ್ಬರ ಮೊಬೈಲಿಗೆ. ಆ ಶಿಕ್ಷಕರು ವರ್ಗವಾದರೆ, ನಿವೃತ್ತರಾದರೆ, ಸಿಮ್ ಬದಲಿಸಿದರೆ ವಿಭಾಗದ ಹತ್ತು ವರ್ಷದ ಪತ್ರಗಳು ಬೀಗದ ಹಿಂದೆ ಉಳಿಯುತ್ತವೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸುವ ನಿಯಮವನ್ನೂ ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಸೇವೆ ಉಚಿತವಾದಾಗ ದೂರು ಕೊಡಲು ಹತ್ತಿರದಲ್ಲಿ ಕಚೇರಿಯೂ ಇರುವುದಿಲ್ಲ.

ಮೊಬೈಲ್ ಸಂಖ್ಯೆಯನ್ನು 2011ರ ಜನವರಿಯಿಂದ ದೇಶದಾದ್ಯಂತ ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಬಹುದು. ಇ-ಮೇಲ್ ವಿಳಾಸವನ್ನು ಹಾಗೆ ಒಯ್ಯಲಾಗದು. ಮಾಹಿತಿಯನ್ನು ಕೊಂಡೊಯ್ಯುವ ಹಕ್ಕು 2019ರ ಮಸೂದೆಯಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ. ಆದ್ದರಿಂದ ಪತ್ರಗಳನ್ನು ಹೊರತೆಗೆಯುವ ತಾಂತ್ರಿಕ ದಾರಿಗೆ ಮಹತ್ವ ಹೆಚ್ಚು.

ಎರಡು ತಪ್ಪು ನಂಬಿಕೆಗಳು

ಐಮ್ಯಾಪ್ ಜೋಡಿಸಿದರೆ ಪ್ರತಿ ಸಿಕ್ಕಂತೆ ಎಂಬುದು ಮೊದಲನೆಯದು. ಐಮ್ಯಾಪ್ ಕನ್ನಡಿಯಿದ್ದಂತೆ, ಸರ್ವರ್‌ನಲ್ಲಿ ಅಳಿಸಿದ್ದು ಇಲ್ಲಿಯೂ ಅಳಿಯುತ್ತದೆ. ಥಂಡರ್‌ಬರ್ಡ್‌ನಂಥ ಮುಕ್ತ ತಂತ್ರಾಂಶದಲ್ಲಿ ‘ಲೋಕಲ್ ಫೋಲ್ಡರ್ಸ್’ ಎಂಬಲ್ಲಿಗೆ ನಕಲು ಮಾಡಿದ ಪತ್ರ ಮಾತ್ರ ನಿಜವಾಗಿ ನಮ್ಮದು. ಪಾಪ್ ಬಳಸುವವರು ಸರ್ವರ್‌ನಲ್ಲೂ ಪ್ರತಿ ಉಳಿಸುವ ಆಯ್ಕೆಯನ್ನು ಮೊದಲು ನೋಡಿಕೊಳ್ಳಬೇಕು.

ಗಣಕದಲ್ಲಿ ಸ್ಥಾಪಿಸಿದ ತಂತ್ರಾಂಶವೆಲ್ಲ ಒಂದೇ ಎಂಬುದು ಎರಡನೆಯದು. ವಿಂಡೋಸ್‌ನ ಹೊಸ ಔಟ್‌ಲುಕ್ ಬೇರೆ ಕಂಪನಿಯ ಖಾತೆಯ ಪತ್ರಗಳನ್ನೂ ಮೈಕ್ರೋಸಾಫ್ಟ್‌ನ ಸರ್ವರ್‌ಗಳೊಡನೆ ಹೊಂದಿಸುತ್ತದೆ. ಒಬ್ಬರ ಬಳಿ ಇದ್ದ ಪತ್ರ ಇಬ್ಬರ ಬಳಿ ಸೇರಿದಂತಾಯಿತು.

ಗಣಕದಲ್ಲಿನ ಪ್ರತಿಯೊಂದೇ ಸಾಲದು ಎಂಬುದನ್ನೂ ಹೇಳಬೇಕು. 2005ರಲ್ಲಿ, 2019ರಲ್ಲಿ ಕೃಷ್ಣೆ ಮತ್ತು ಉಪನದಿಗಳು ಉಕ್ಕಿದ್ದನ್ನು ಈ ತಾಲ್ಲೂಕುಗಳು ಕಂಡಿವೆ. ನೀರು ನುಗ್ಗಿದ ಕೋಣೆಯಲ್ಲಿ ಗಣಕ ಉಳಿಯದು. ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಬೇರೆ ಕಟ್ಟಡದಲ್ಲಿ ಇರಲಿ.

ಟೀಕೆ ಕಂಪನಿಗಳಿಗಷ್ಟೇ ಸಲ್ಲುವುದಲ್ಲ. ಇ-ಮೇಲ್ ಎಂದರೆ ಒಂದು ಜಾಲತಾಣ ಎಂಬಂತೆ ನಾವು ಕಲಿಸುತ್ತೇವೆ. ಬಟನ್ ಒತ್ತುವುದನ್ನು ಹೇಳುತ್ತೇವೆ, ಪ್ರೋಟೊಕಾಲ್ ಹೇಳುವುದಿಲ್ಲ. ಒಂದು ಪ್ರಯೋಗ ಅವಧಿಯಲ್ಲಿ ವಿದ್ಯಾರ್ಥಿಗಳು ಅಂಚೆ ತಂತ್ರಾಂಶದಲ್ಲಿ ಖಾತೆ ಜೋಡಿಸಲಿ. ಪತ್ರದ ಶಿರೋಲೇಖ ತೆರೆದು ಅದು ಯಾವ ಯಾವ ಸರ್ವರ್ ದಾಟಿ ಬಂತು, ಪ್ರತಿ ಹಂತಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದುಕೊಳ್ಳಲಿ. ಬಳಿಕ ಅಂತರಜಾಲ ಸಂಪರ್ಕ ಕಡಿದು, ಯಾವ ಪತ್ರಗಳು ಇನ್ನೂ ತೆರೆಯುತ್ತವೆ ಎಂದು ನೋಡಲಿ. ಆಗ ತೆರೆಯುವವು ಎಷ್ಟೋ, ನಮ್ಮ ಕೈಯಲ್ಲಿರುವ ಪತ್ರಗಳು ಅಷ್ಟೇ.