ಎಲೆಯ ನರ ಅಳಿಯದಂತೆ ಬಣ್ಣ

ಬಣ್ಣವೇ ಬೆಲೆಯೆಂಬ ಮಾತನ್ನು ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರನಿಗೆ ಯಾರೂ ಕಲಿಸಬೇಕಾದುದಿಲ್ಲ. ಸೊಪ್ಪು ಬೇಯಿಸುವ ಬ್ಯಾರನ್ನಿನ ಕಾವಿನಲ್ಲಿ ಹಸಿರಳಿದು ಹೊಂಬಣ್ಣಕ್ಕೆ ತಿರುಗಿದ ಎಲೆ ಮೇಲಿನ ದರ್ಜೆಗೆ ಸೇರಿದರೆ, ಹದ ಮೀರಿ ಕಂದಿದ ಎಲೆ ಕೆಳಗಿಳಿಯುತ್ತದೆ; ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಬೇಲಿನ ಮುಂದೆ ನಿಂತವನ ದೃಷ್ಟಿ ಮೊದಲು ಬೀಳುವುದು ಆ ವರ್ಣದ ಮೇಲೆಯೇ. ಆದಕಾರಣ ಈ ಸೀಮೆಯ ಸೊಪ್ಪಿನ ದರಗಳನ್ನು ಆರ್ ಎಂಬ ಗಣಕಭಾಷೆಯಲ್ಲಿ ನಕ್ಷೆಗಿಳಿಸಲು ಕುಳಿತಾಗ, ಚುಕ್ಕೆಗಳನ್ನಿಡದೆ ಒಂದೇ ಎಲೆಯ ಚಿತ್ರವನ್ನು ಸ್ಥಾನಸ್ಥಾನದಲ್ಲಿಯೂ ಇರಿಸಿ, ಅದರ ಬಣ್ಣವನ್ನು ದರ್ಜೆಗೆ ತಕ್ಕಂತೆ ಮಾರ್ಪಡಿಸಬೇಕೆಂಬ ಆಸೆ ನನ್ನಲ್ಲಿ ಹುಟ್ಟಿತು.

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ, ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು ಆರಂಭಿಸಿ, 2000ದ ಫೆಬ್ರವರಿ 29ರಂದು 1.0.0 ಆವೃತ್ತಿಯಾಗಿ ಹೊರಬಂದ ಈ ಭಾಷೆಗೆ ಚಿತ್ರವೆಂದರೆ ಸಂಖ್ಯೆಗಳ ರಾಶಿ. ಹಿನ್ನೆಲೆ ತೆಗೆದ ಪಿಎನ್‌ಜಿ ಚಿತ್ರವನ್ನು 'ರೀಡ್‌ಪಿಎನ್‌ಜಿ' ಎಂಬ ಆಜ್ಞೆಯಿಂದ ಓದಿಸಿದರೆ, ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂಬ 4 ಸಂಖ್ಯೆಗಳಾಗಿ, 0ಯಿಂದ 1ರೊಳಗೆ ಕೈಗೆ ಬರುತ್ತದೆ. ಮೊದಲ ಮೂರನ್ನು ಒರೆಸಿ ಬೇಕಾದ ಬಣ್ಣವನ್ನು ತುಂಬುವುದು ಯಾರಿಗಾದರೂ ತಟ್ಟನೆ ಹೊಳೆಯುವ ಮಾರ್ಗ. ಆನೆಯ ನೆರಳುಚಿತ್ರಕ್ಕಾದರೆ ಅಷ್ಟು ಸಾಕು: ಹೆಗ್ಗಡದೇವನಕೋಟೆಯ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ 8 ದಸರೆಗಳಿಗೆ ಒಂದು ಬಣ್ಣವನ್ನೂ, 2020ರಿಂದ ಆ ಭಾರ ವಹಿಸಿದ ಅಭಿಮನ್ಯುವಿಗೆ ಇನ್ನೊಂದನ್ನೂ ಕೊಟ್ಟರೆ ನಕ್ಷೆ ತಾನಾಗಿ ಮಾತನಾಡುತ್ತದೆ. ನಾಲ್ಕನೆಯ ಸಂಖ್ಯೆಯನ್ನು ಮಾತ್ರ ಮುಟ್ಟಕೂಡದು; ಅಂಚಿನ ಬಿಂದುಗಳ ಅರೆಪಾರದರ್ಶಕತೆ ಕೆಟ್ಟರೆ ಸೊಂಡಿಲು ಗರಗಸದ ಅಲಗಿನಂತೆ ಕಾಣುತ್ತದೆ.

ಎಲೆಗೆ ಈ ಉಪಾಯ ಸಲ್ಲದು. ನಡುವಿನ ದಿಂಡು, ಅದರಿಂದ ಕವಲೊಡೆದ ನರಗಳು, ಮಡಿಕೆಯ ನೆರಳು ಎಲ್ಲವೂ ಒಂದೇ ಲೇಪದಡಿ ಹೂತುಹೋಗಿ, ಕತ್ತರಿಸಿದ ಬಣ್ಣದ ಕಾಗದ ಉಳಿಯುತ್ತದೆ. ಎಲೆಯ ಜೀವವಿರುವುದು ಬೆಳಕುನೆರಳಿನಲ್ಲಿ; ಅದನ್ನು ಕಾಯದ ವರ್ಣಲೇಪನ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಹಸಿರೆಲೆಯ ಒಂದು ಬಿಂದುವನ್ನು ನೋಡೋಣ: ಕೆಂಪು 0.2, ಹಸಿರು 0.6, ನೀಲಿ 0.1. ಇವನ್ನು ಕ್ರಮವಾಗಿ 0.299, 0.587, 0.114ರಿಂದ ಗುಣಿಸಿ ಕೂಡಿಸಿದರೆ ಆ ಬಿಂದುವಿನ ಕಾಂತಿ, ಸುಮಾರು 0.42, ದೊರೆಯುತ್ತದೆ. ಇದನ್ನೇ ಹೊಂಬಣ್ಣದ 0.9, 0.7, 0.2ರಿಂದ ಗುಣಿಸಿದೆನಾದರೆ ಎಲೆ ಮಸಿ ಬಳಿದಂತಾಗುತ್ತದೆ. ಇಡೀ ಚಿತ್ರದ ಅತ್ಯಂತ ಬೆಳಕಿನ ಬಿಂದು 0.60 ಎಂದಿಟ್ಟುಕೊಂಡು, ಎಲ್ಲ ಕಾಂತಿಗಳನ್ನೂ ಮೊದಲು ಅದರಿಂದ ಭಾಗಿಸಿದರೆ, ನಮ್ಮ ಬಿಂದು 0.70ಕ್ಕೇರಿ, ಹೊಂಬಣ್ಣದೊಡನೆ ಗುಣಿತವಾಗಿ 0.63, 0.49, 0.14 ಆಗುತ್ತದೆ: ಹದವಾಗಿ ಬೆಂದ ಸೊಪ್ಪಿನ ಬಣ್ಣ, ನರಗಳೆಲ್ಲ ಇದ್ದಲ್ಲಿಯೇ ಇದ್ದು!

ಬಳಿಕ 'ರಾಸ್ಟರ್‌ಇಮೇಜ್' ಎಂಬ ಆಜ್ಞೆಗೆ ಎಡ, ಕೆಳಗು, ಬಲ, ಮೇಲು ಎಂಬ ಎಲ್ಲೆಗಳನ್ನು ಕೊಟ್ಟರೆ ಎಲೆ ನಕ್ಷೆಯಲ್ಲಿ ಕೂಡುತ್ತದೆ. ಎಲ್ಲೆಗಳ ಪ್ರಮಾಣ ತಪ್ಪಿದರೆ ಉದ್ದನೆಯ ಹೊಗೆಸೊಪ್ಪು ವೀಳ್ಯದೆಲೆಯಂತೆ ಅಗಲವಾಗುವುದರಿಂದ, ಅಕ್ಷಗಳ ಅಳತೆಯನ್ನು ಕಂಡುಕೊಂಡೇ ಇಡಬೇಕು.

ಕೃಷ್ಣರಾಜನಗರದ ಭತ್ತದ ತೆನೆಗೂ, ಕಾಳುಗಟ್ಟುವ ಹಸಿರಿನಿಂದ ಕೊಯ್ಲಿನ ಹಳದಿಯವರೆಗೆ, ಇದೇ ಕ್ರಮ ನಡೆಯುತ್ತದೆ. ಪ್ರಯೋಗಿಸುವ ವಾಚಕರಲ್ಲಿ ಒಂದು ಬಿನ್ನಹ: ಕಾಂತಿಯೊಂದೇ ಉಳಿದ ಬೂದುಬಣ್ಣದ ಪ್ರತಿಯನ್ನು ಪ್ರತ್ಯೇಕವಾಗಿ ಕಾದಿಟ್ಟು, ಪ್ರತಿಯೊಂದು ಬಣ್ಣವನ್ನೂ ಅದರಿಂದಲೇ ಆರಂಭಿಸಿರಿ; ಬಣ್ಣವಿಟ್ಟ ಎಲೆಗೆ ಮತ್ತೆ ಬಣ್ಣವಿಟ್ಟರೆ ಪ್ರತಿ ಗುಣಾಕಾರಕ್ಕೂ ಅದು ಕಪ್ಪಿಡುತ್ತ ಹೋಗುತ್ತದೆ.