ತಕ್ಕಡಿಯಲ್ಲಿ ತೂಗುವ ಜಾಮೀನು

ಮೂಡಿಗೆರೆ, ಕಳಸದ ಕಡೆ ಕಾಫಿ ಗಿಡಗಳ ನಡುವೆ ಗಾಂಜಾ ಸಿಕ್ಕಿತೆಂಬ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. ಬೇರುಸಹಿತ ಕಿತ್ತ ಹಸಿ ಗಿಡಗಳ ರಾಶಿ, ಹಿಂದೆ ಪೊಲೀಸರು, ನಡುವೆ ತಲೆ ತಗ್ಗಿಸಿದ ಆರೋಪಿ. ಕೆಳಗೆ ಇಷ್ಟು ಕಿಲೋ ಎಂಬ ಲೆಕ್ಕ. ಹೆಸರು ಮುಸ್ಲಿಮನದಾದರೆ ಶೀರ್ಷಿಕೆಯ ಅಕ್ಷರ ಇನ್ನಷ್ಟು ದಪ್ಪ. ಅಮಲು ಹರಾಮ್ ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ನಮ್ಮ ತಕರಾರಿರುವುದು ಆ ಕಿಲೋ ಲೆಕ್ಕದ ಬಗ್ಗೆ.

1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಶಿಕ್ಷೆ 10ರಿಂದ 20 ವರ್ಷ. ಜೊತೆಗೆ 37ನೇ ಕಲಂ ಬಂದು ಕೂರುತ್ತದೆ. ಸರಕಾರಿ ವಕೀಲರು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ, ಹೊರಬಂದು ಮತ್ತೆ ತಪ್ಪು ಮಾಡಲಾರ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಜಾಮೀನು. ಸಾಕ್ಷಿಗಳ ವಿಚಾರಣೆಯೇ ಮುಗಿಯದೆ ನಿರ್ದೋಷಿಯೆಂದು ತೋರಿಸುವುದು ಹೇಗೆ? ಮಹಜರಿನಲ್ಲಿ 22 ಕಿಲೋ ಎಂದು ಬರೆದಿದ್ದರೆ, ಹಸಿ ಕಾಂಡ, ಬೇರು, ಅಂಟಿದ ಮಣ್ಣು ಕಳೆದು ಅದರಲ್ಲಿ ತುದಿ ಎಷ್ಟು ಎಂದು ಜಾಮೀನಿನ ಹಂತದಲ್ಲೇ ಕೇಳಬೇಕು. ಗಿಡ ಬೆಳೆಸಿದ್ದಕ್ಕಂತೂ 20(ಎ) ಎಂಬ ಬೇರೆಯೇ ಕಲಂ ಇದೆ. ಅಲ್ಲಿ 10 ವರ್ಷದವರೆಗೆ ಶಿಕ್ಷೆಯುಂಟು, ಕಿಲೋಗಳ ಶ್ರೇಣಿ ಇಲ್ಲ. ಈ ಭೇದವನ್ನು ಎತ್ತಿ ಹೇಳುವ ವಕೀಲ ಸಿಕ್ಕವನು ಪುಣ್ಯವಂತ.

2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ರವೀಂದ್ರ ಭಟ್ ಮತ್ತು ದೀಪಂಕರ ದತ್ತ ಅವರ ಪೀಠ ದೆಹಲಿಯ ಗಾಂಜಾ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟಿತು. ಆರೋಪಿ 7 ವರ್ಷಕ್ಕೂ ಮೇಲ್ಪಟ್ಟು ಜೈಲಿನಲ್ಲಿದ್ದ. ಇನ್ನೂ 34 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು. 37ನೇ ಕಲಮನ್ನು ಅಕ್ಷರಶಃ ಓದಿದರೆ ಜಾಮೀನೇ ಇಲ್ಲವಾಗುತ್ತದೆ, ಮೇಲ್ನೋಟದ ಪರಿಶೀಲನೆ ಸಾಕು, ವಿಚಾರಣೆ ಅತಿಯಾಗಿ ತಡವಾದಾಗ ಜಾಮೀನಿಗೆ ಆ ಕಲಂ ಅಡ್ಡಿಯಾಗದು ಎಂದಿತು ಪೀಠ. ಒಳ್ಳೆಯ ತೀರ್ಪು. ಆದರೆ ಅಷ್ಟನ್ನು ಹೇಳಿಸಿಕೊಳ್ಳಲು ಅವನು ತೆತ್ತದ್ದು ತನ್ನ ಯೌವನವನ್ನು.

ಇನ್ನು, ಆದೇಶ ಕೈಗೆ ಬಂದ ಮಾತ್ರಕ್ಕೆ ಜೈಲಿನ ಬಾಗಿಲು ತೆರೆಯುವುದಿಲ್ಲ. ಪಹಣಿ ಹಿಡಿದ ಶ್ಯೂರಿಟಿ ಬೇಕು. ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಪಹಣಿ ಎಲ್ಲಿಂದ ಬರಬೇಕು? ತೋಟದ ಸಾಹುಕಾರರು ಕೇಸೆಂದರೆ ದೂರ. ನಮ್ಮ ಜಮಾಅತ್ ಕಮಿಟಿಯವರೂ, ಗಾಂಜಾ ಕೇಸಲ್ಲವೇ, ನಮಗೇಕೆ ಎನ್ನುತ್ತಾರೆ. ಆರೋಪ ಸಾಬೀತಾಗುವ ಮೊದಲೇ ಅವರೂ 37ನೇ ಕಲಂ ಓದಿ ಮುಗಿಸಿರುತ್ತಾರೆ. ಅವನ ತಾಯಿ ಮಾತ್ರ ದಿನದ ಕೂಲಿ ಬಿಟ್ಟು, ಕಳಸದಲ್ಲಿ ಬೆಳಗಿನ ಬಸ್ಸು ಹತ್ತಿ ಚಿಕ್ಕಮಗಳೂರಿನ ಕೋರ್ಟಿಗೆ ಒಬ್ಬಳೇ ಹೋಗಿ ಬರುತ್ತಾಳೆ.