ಆರೋಗ್ಯದ ಮೊಬೈಲ್ ಆ್ಯಪ್‌ಗಳ ಗುಣನಿರ್ಣಯ: ಒಂದು ವಿಮರ್ಶೆ

ರೋಗಲಕ್ಷಣಗಳನ್ನು ಕೇಳಿ ಸಲಹೆ ಕೊಡುವ, ನಾಡಿಬಡಿತವನ್ನು ಎಣಿಸುವ, ಮಾತ್ರೆಯ ಹೊತ್ತನ್ನು ನೆನಪಿಸುವ ಮೊಬೈಲ್ ಆ್ಯಪ್‌ಗಳು ಇಂದು ಹಳ್ಳಿಯ ಮನೆಗಳನ್ನೂ ಹೊಕ್ಕಿವೆ. ಇವುಗಳಲ್ಲಿ ಒಳ್ಳೆಯದಾವುದು, ಕೆಟ್ಟದಾವುದು ಎಂಬುದನ್ನು ನಿರ್ಣಯಿಸಲು ವಿದ್ವಾಂಸರು ಹಲವು ಮಾನದಂಡಗಳನ್ನು ರಚಿಸಿದ್ದಾರೆ. ಅವುಗಳಲ್ಲಿ ಬಹುವಾಗಿ ಬಳಕೆಗೆ ಬಂದಿರುವ ಒಂದನ್ನು ಪರಿಶೀಲಿಸಿ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಂತಹ ಊರಿನ ಅಗತ್ಯಕ್ಕೆ ಅದು ಎಷ್ಟರಮಟ್ಟಿಗೆ ಸಾಲುತ್ತದೆಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

2015ರಲ್ಲಿ ಆಸ್ಟ್ರೇಲಿಯದ ಸ್ಟೊಯಾನೋವ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ 'ಮೊಬೈಲ್ ಆ್ಯಪ್ ರೇಟಿಂಗ್ ಸ್ಕೇಲ್' ಎಂಬ ಅಳತೆಗೋಲಿನಲ್ಲಿ 23 ಪ್ರಶ್ನೆಗಳಿವೆ. ಬಳಸುವವರ ಮನಸ್ಸನ್ನು ಹಿಡಿದಿಡುವ ಗುಣಕ್ಕೆ 5, ಕಾರ್ಯನಿರ್ವಹಣೆಗೆ 4, ಅಂದಕ್ಕೆ 3, ಮಾಹಿತಿಗೆ 7. ಉಳಿದ 4 ಪರೀಕ್ಷಕರ ಸ್ವಂತ ಅಭಿಪ್ರಾಯಕ್ಕೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಮೊದಲ ನಾಲ್ಕು ವಿಭಾಗಗಳ ಸರಾಸರಿಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಆ್ಯಪ್‌ನ ಗುಣವು ಒಂದು ಸಂಖ್ಯೆಯಾಗಿ ಕೈಗೆ ಬರುತ್ತದೆ. ಬಳಕೆದಾರರು ಕೊಟ್ಟ ನಕ್ಷತ್ರಗಳನ್ನೇ ಹೆಚ್ಚಾಗಿ ನೆಚ್ಚಬೇಕಾಗಿದ್ದಲ್ಲಿ ಪರೀಕ್ಷಕರಿಗೆ ಒಂದು ಸಮಾನವಾದ ಭಾಷೆಯನ್ನು ಒದಗಿಸಿಕೊಟ್ಟುದು ಈ ಕೆಲಸದ ಹಿರಿಮೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಈ ಗಣಿತದಲ್ಲಿಯೇ ಎರಡು ದೋಷಗಳು ಅಡಗಿವೆ. ನಾಲ್ಕು ವಿಭಾಗಗಳಿಗೂ ಸಮಾನ ತೂಕವಿರುವುದರಿಂದ, ಅಂದವನ್ನು ಕುರಿತ ಒಂದು ಪ್ರಶ್ನೆಗೆ ಒಟ್ಟಿನಲ್ಲಿ ಹನ್ನೆರಡರಲ್ಲೊಂದು ಪಾಲೂ ಮಾಹಿತಿಯನ್ನು ಕುರಿತ ಒಂದು ಪ್ರಶ್ನೆಗೆ ಇಪ್ಪತ್ತೆಂಟರಲ್ಲೊಂದು ಪಾಲೂ ಸಲ್ಲುತ್ತವೆ. ಅಂದರೆ, ತೆರೆಯ ಮೇಲಿನ ಚಿತ್ರದ ಸೊಗಸು ಹೇಳಿದ ಮಾತಿನ ಸತ್ಯಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ತೂಗಿತೆಂದಾಯಿತು. ಇದು ಮೊದಲನೆಯ ದೋಷ. ಎರಡನೆಯದು ಇನ್ನೂ ದೊಡ್ಡದು. ಆ್ಯಪ್ ಶಾಸ್ತ್ರೀಯ ಪ್ರಯೋಗಕ್ಕೆ ಒಳಗಾಗಿದೆಯೆ ಎಂಬ ಪ್ರಶ್ನೆಗೆ, ಒಳಗಾಗಿಲ್ಲವಾದರೆ 'ಅನ್ವಯಿಸುವುದಿಲ್ಲ' ಎಂದು ಗುರುತಿಸಿ ಲೆಕ್ಕದಿಂದ ಕೈಬಿಡಲಾಗುತ್ತದೆ. ಪರೀಕ್ಷೆಗೆ ಕೂರದ ವಿದ್ಯಾರ್ಥಿಗೆ ಆ ವಿಷಯದಲ್ಲಿ ಅಂಕವೇ ಕಳೆಯದಂತಹ ನ್ಯಾಯವಿದು.

ಇದು ಬರಿಯ ತರ್ಕದ ಮಾತಲ್ಲವೆಂಬುದಕ್ಕೆ ಅಮೆರಿಕದ ಒಂದು ನಿದರ್ಶನವನ್ನು ನೋಡಬಹುದು. 2014ರಿಂದ 2015ರವರೆಗೆ ಮಾರಾಟದಲ್ಲಿದ್ದ 'ಇನ್‌ಸ್ಟಂಟ್ ಬ್ಲಡ್ ಪ್ರೆಷರ್' ಎಂಬ ಆ್ಯಪ್, ಫೋನನ್ನು ಎದೆಗೊತ್ತಿ ಕ್ಯಾಮೆರಾದ ಮೇಲೆ ಬೆರಳಿಟ್ಟರೆ ರಕ್ತದೊತ್ತಡವನ್ನು ಹೇಳುತ್ತಿತ್ತು. ಬಳಸಲು ಸುಲಭ, ಕೊಂಡವರೂ ಬಹುಮಂದಿ. 2016ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ರಕ್ತದೊತ್ತಡ ಏರಿದ್ದ ಐವರಲ್ಲಿ ಸುಮಾರು ನಾಲ್ವರಿಗೆ ಅದು ಏರಿಲ್ಲವೆಂದೇ ತೋರಿಸಿತು. ಕಾರ್ಯನಿರ್ವಹಣೆಯಲ್ಲಿ ಎಷ್ಟೇ ಅಂಕ ಗಳಿಸಿದರೂ ಇಂತಹ ಆ್ಯಪ್ ಅಪಾಯಕಾರಿಯೇ. ಸುಳ್ಳು ಧೈರ್ಯವನ್ನು ಸೌಲಭ್ಯದಿಂದ ಸರಿದೂಗಿಸಲು ಬರುವುದಿಲ್ಲ.

ಇನ್ನು ನಮ್ಮ ಮಲೆನಾಡಿನ ಕಡೆಗೆ ತಿರುಗೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವರ ಜೀವ ತೆಗೆಯಿತು. ಉಣುಗು ಕಚ್ಚುವುದರಿಂದ ಬರುವ ಈ ರೋಗದ ಹಾವಳಿ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ; ಸೊಪ್ಪು, ತರಗೆಲೆ, ಸೌದೆಗಳಿಗಾಗಿ ಕಾಡಿಗೆ ಹೋಗುವ ಕಾಲವೂ ಅದೇ. ಮೇಳಿಗೆಯ ಕೃಷಿಕನೊಬ್ಬನು ಜ್ವರ, ತಲೆನೋವು, ಮೈಕೈ ನೋವುಗಳನ್ನು ಆ್ಯಪ್ ಒಂದಕ್ಕೆ ತಿಳಿಸಿದನೆಂದು ಭಾವಿಸೋಣ. ಕಾಡಿಗೆ ಹೋಗಿದ್ದೆಯಾ, ಹತ್ತಿರದಲ್ಲಿ ಮಂಗ ಸತ್ತಿದೆಯೆ ಎಂದು ಅದು ಕೇಳದಿದ್ದರೆ, ಉಳಿದ ಮಾಹಿತಿಯೆಲ್ಲ ಶುದ್ಧವಾಗಿದ್ದರೂ ಆ ಊರಿಗೆ ಅದು ಅಪೂರ್ಣ. ಅಲ್ಲದೆ, ಈ ರೋಗದಲ್ಲಿ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಗಳಾದ ಮೇಲೆ ಮರಳಿ ಬಂದು ಮಿದುಳನ್ನು ಬಾಧಿಸುವುದುಂಟು. ಜ್ವರ ಇಳಿದೊಡನೆ 'ಗುಣವಾಗಿದೆ' ಎನ್ನುವ ಆ್ಯಪ್ ರೋಗಿಯನ್ನು ಎಚ್ಚರ ತಪ್ಪಿಸುತ್ತದೆ. ದೂರದ ನಗರದ ಪರೀಕ್ಷಕನಿಗೆ ಈ ಕೊರತೆ ಕಾಣಿಸದು. ಏಕೆಂದರೆ ಅವನ ಪ್ರಶ್ನಾವಳಿ ಆ್ಯಪನ್ನು ನೋಡುತ್ತದೆಯೇ ಹೊರತು ಅದನ್ನು ಹಿಡಿದವನ ನೆಲವನ್ನು ನೋಡುವುದಿಲ್ಲ.

ಆದುದರಿಂದ ಗುಣನಿರ್ಣಯವು ಎರಡು ಹಂತಗಳಲ್ಲಿ ನಡೆಯತಕ್ಕದ್ದೆಂದು ನಮ್ಮ ಅಭಿಪ್ರಾಯ. ಅಡಕೆಯನ್ನು ಆರಿಸುವವರು ಕೊಳೆತುದನ್ನು ಮೊದಲು ಬೇರೆ ತೆಗೆದು ಆಮೇಲೆ ಉಳಿದುದರ ದರ್ಜೆ ನೋಡುತ್ತಾರೆ. ಎರಡನ್ನೂ ಬೆರೆಸಿ ಸರಾಸರಿ ತೆಗೆಯುವುದಿಲ್ಲ. ಅಂತೆಯೇ ಇಲ್ಲಿಯೂ ಮೊದಲು ನಾಲ್ಕು ಪ್ರಶ್ನೆಗಳು ಬರಬೇಕು. ಅಳೆಯುತ್ತೇನೆನ್ನುವ ಆ್ಯಪ್ ಒಪ್ಪಿತವಾದ ಉಪಕರಣದೊಡನೆ ಹೋಲಿಕೆಗೆ ನಿಂತಿದೆಯೆ? ತನ್ನ ಮಿತಿಯನ್ನು ಒಪ್ಪಿ, ಯಾವ ಲಕ್ಷಣ ಕಂಡರೆ ವೈದ್ಯರ ಬಳಿಗೆ ಹೋಗಬೇಕೆಂದು ತಿಳಿಗನ್ನಡದಲ್ಲಿ ಹೇಳುತ್ತದೆಯೆ? ಆ ಪ್ರದೇಶದ ರೋಗಗಳನ್ನು ಬಲ್ಲುದೆ? ರೋಗಿಯ ವಿವರ ಯಾರ ಕೈ ಸೇರುತ್ತದೆಂಬುದನ್ನು ಅವನ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯುತ್ತದೆಯೆ? ಇವುಗಳಲ್ಲಿ ತನಗೆ ಸಂಬಂಧಪಟ್ಟ ಯಾವ ಒಂದರಲ್ಲಿ ಸೋತರೂ ಆ್ಯಪ್ ತಳ್ಳಲ್ಪಡಬೇಕು. ಗೆದ್ದವಕ್ಕೆ ಮಾತ್ರ ಅಂದ, ಸೌಲಭ್ಯಗಳ ಅಂಕ. ಪ್ರಯೋಗಕ್ಕೆ ಒಳಗಾಗದುದನ್ನು 'ಪರೀಕ್ಷಿತವಲ್ಲ' ಎಂದೇ ಬರೆಯಬೇಕು. ಆ್ಯಪ್ ಮೇಲಿಂದ ಮೇಲೆ ಬದಲಾಗುವುದರಿಂದ, ಪರೀಕ್ಷಿಸಿದ ಆವೃತ್ತಿಯನ್ನೂ ದಿನಾಂಕವನ್ನೂ ನಮೂದಿಸಬೇಕು.

ಪ್ರತಿಯೊಂದು ಊರಿಗೂ ಬೇರೆ ನಿಯಮಾವಳಿ ಅಸಾಧ್ಯವೆಂಬ ಆಕ್ಷೇಪಣೆ ಬರಬಹುದು. ನಿಯಮಾವಳಿ ಒಂದೇ ಇರಲಿ. ಅದರ ಮೂರನೆಯ ಪ್ರಶ್ನೆಗೆ ಉತ್ತರ ಬರೆಯುವವರು ಮಾತ್ರ ಸ್ಥಳೀಯರಾಗಿರಲಿ. ತಾಲ್ಲೂಕಿನ ವೈದ್ಯರೊಬ್ಬರು, ಆಶಾ ಕಾರ್ಯಕರ್ತೆಯೊಬ್ಬರು, ಫೋನನ್ನು ದಿನವೂ ಬಳಸುವ ಕೃಷಿಕರೊಬ್ಬರು ಕುಳಿತು ಒಂದು ಪುಟದ ಪಟ್ಟಿಯನ್ನು ಸಿದ್ಧಪಡಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಅಂತಹ ಪಟ್ಟಿಗಳನ್ನು ಸಂಗ್ರಹಿಸಿ ಶೋಧಿಸುವ ಹೊಣೆ ವಿಶ್ವವಿದ್ಯಾನಿಲಯಗಳ ಮೇಲಿದೆ.